ಗ್ರಿಪ್ ನೋಡಿ ಟೈರನ್ನು ನಂಬಬೇಡಿ

ಮಳೆಗಾಲದಲ್ಲಿ ಶೆಡ್ಡು ಸೇರಿದ ಜೀಪು, ಪಿಕಪ್ಪು, ಟ್ರೇಲರುಗಳು ಕೊಯ್ಲಿನ ಕಾಲಕ್ಕೆ ಹೊರಬರುತ್ತವೆ. ಎಂಜಿನ್ ಆಯಿಲ್, ಬ್ಯಾಟರಿ ನೋಡುವ ಬೆಳೆಗಾರ ಬಾಂಧವರು ಟೈರಿನ ವಿಷಯದಲ್ಲಿ ಮಾತ್ರ "ಗ್ರಿಪ್ ಚೆನ್ನಾಗಿದೆ, ಇನ್ನೆರಡು ವರ್ಷ ಬರುತ್ತದೆ" ಎಂದು ಸುಮ್ಮನಾಗುವುದುಂಟು. ಈ ನಂಬಿಕೆ ಅಪಾಯಕಾರಿಯೆಂಬುದು ನಮ್ಮ ಅಭಿಪ್ರಾಯ.

ದಿನವೂ ಓಡುವ ಬಾಡಿಗೆ ಗಾಡಿಯ ಟೈರು ಸವೆದು ಹಾಳಾಗುತ್ತದೆ. ತೋಟದ ಗಾಡಿಯದು ನಿಂತಲ್ಲೇ ಮುದಿಯಾಗುತ್ತದೆ. ಗಾಳಿ, ಬಿಸಿಲುಗಳಿಂದ ರಬ್ಬರು ಗಡಸಾಗಿ ಬಿರಿಯುತ್ತದೆ. ಬಿರುಕು ತಡೆಯಲೆಂದು ರಬ್ಬರಿಗೆ ಬೆರೆಸಿದ ಮೇಣ ಚಕ್ರ ಉರುಳಿ ಟೈರು ಬಾಗಿದಾಗಲೇ ಚೆನ್ನಾಗಿ ಹೊರಮೈಗೆ ಬರುವುದು. ಅಮೆರಿಕದಲ್ಲಿ ಮನೆಯಂತೆ ಸಜ್ಜುಮಾಡಿದ ಪ್ರವಾಸಿ ವಾಹನಗಳೂ ವರ್ಷದ ಬಹುಕಾಲ ನಿಂತೇ ಇರುತ್ತವೆ. ಅವುಗಳಲ್ಲೂ ಗ್ರಿಪ್ ಹೊಸದರಂತೆ ಕಾಣುವ ಟೈರು ದಾರಿಯಲ್ಲಿ ಒಡೆಯುವುದುಂಟು.

ಮೊದಲು ವಯಸ್ಸು ನೋಡಿ. ಟೈರಿನ ಬದಿಯಲ್ಲಿ ತಯಾರಿಕೆಯ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಐದು ವರ್ಷದ ನಂತರ ಪ್ರತಿವರ್ಷ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ಹತ್ತು ವರ್ಷವಾದರೆ ಹೇಗೇ ಕಾಣಲಿ, ತೆಗೆದುಹಾಕಬೇಕು ಎಂದು ಹಲವು ತಯಾರಕರೇ ಹೇಳುತ್ತಾರೆ. ಸ್ಟೆಪ್ನಿಗೂ ಇದೇ ಲೆಕ್ಕ.

ಬಳಿಕ ಟಾರ್ಚು ಹಿಡಿದು ಒಳಬದಿಯನ್ನೂ ನೋಡಿ, ಕೈಯಾಡಿಸಿ. ಬದಿಯಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ನೂಲು ಕಡಿದಿರುವ ಸಾಧ್ಯತೆಯೇ ಹೆಚ್ಚು. ಅಂಥ ಟೈರು ಒಂದು ಮೈಲಿಗೂ ಬೇಡ. ಗ್ರಿಪ್ ಒಂದೆಡೆ ಎದ್ದಿದ್ದರೆ ಅಥವಾ ನೇರ ರಸ್ತೆಯಲ್ಲೂ ಗಾಡಿ ಅದುರಿದರೆ ಪದರ ಬಿಡುತ್ತಿರಬಹುದು. ಗಾಳಿ ಇಳಿದ ಮೇಲೂ ಓಡಿಸಿದ ಟೈರಿಗೆ ಬರಿಯ ಪಂಕ್ಚರ್ ಹಾಕಿಸಿದರೆ ಸಾಲದು. ಡಿಸ್ಕಿನಿಂದ ಬಿಚ್ಚಿಸಿ ಒಳಮೈ ನೋಡಬೇಕು. ಗಾಳಿಯ ಒತ್ತಡವನ್ನು ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಗಾಳಿ ಕಡಿಮೆಯಿದ್ದು ಹೊರೆ ಹೆಚ್ಚಾದರೆ ಟೈರು ಒಳಗೇ ಕಾಯುತ್ತದೆ.

ಬೆಲೆ ಬಿದ್ದ ವರ್ಷ ಟೈರಿಗೆ ಹಣ ಹೊಂದಿಸುವ ಕಷ್ಟ ನಮಗೆ ತಿಳಿಯದ್ದಲ್ಲ. ಆದರೆ ಜೀಪಿನಲ್ಲಿ ಕುಳಿತು ಬರುವ ಕೊಯ್ಲಿನವರಿಗೆ ಟೈರಿನ ವಯಸ್ಸು ಕೇಳುವ ಅವಕಾಶವಿಲ್ಲ. ಗಾಡಿಯ ಯಜಮಾನನೇ ಅವರ ಪರವಾಗಿ ನೋಡಬೇಕು. ಕಾಫಿ ಮೂಟೆ ಹೇರಿ ಘಾಟಿ ಇಳಿಯುವಾಗ ಮುಂದಿನ ಟೈರು ಒಡೆದರೆ ಆಗುವ ನಷ್ಟ ದುಡ್ಡಿನಲ್ಲಿ ತುಂಬುವಂಥದ್ದಲ್ಲ.

ಹೊಸ ಟೈರು ಕೊಳ್ಳುವಾಗಲೂ ಆ ನಾಲ್ಕು ಅಂಕಿಗಳನ್ನು ಓದಿಯೇ ಹಣ ಕೊಡಿ. ಅಂಗಡಿಯಲ್ಲಿ ಕುಳಿತ ವರ್ಷಗಳೂ ವಯಸ್ಸೇ. ಸಹಕಾರ ಸಂಘವು ಕೊಯ್ಲಿಗೆ ಮುನ್ನ ಒಂದು ದಿನ ಸದಸ್ಯರ ವಾಹನಗಳ ಟೈರು ತಪಾಸಣೆ ಏರ್ಪಡಿಸಿದರೆ ಸಣ್ಣ ಬೆಳೆಗಾರರಿಗೆ ದೊಡ್ಡ ಉಪಕಾರವಾದೀತು. ಆಡಳಿತ ಮಂಡಳಿ ಈ ಸಲಹೆಯನ್ನು ಪರಿಶೀಲಿಸಬೇಕಾಗಿ ಕೋರುತ್ತೇವೆ.