ಅಗ್ಗದ ಮೀನುಗಣ್ಣು
ಕಿರುಗಾತ್ರದ ಮಿರರ್‌ಲೆಸ್ ಕ್ಯಾಮೆರಾ ಇಟ್ಟುಕೊಂಡಿರುವವರು, ವರ್ಷದಲ್ಲಿ ನಾಲ್ಕಾರು ಬಾರಿ ಮಾತ್ರ ಚೀಲದಿಂದ ಹೊರತೆಗೆಯತಕ್ಕ ಫಿಶ್‌ಐ, ಅಂದರೆ ಮೀನುಗಣ್ಣಿನ ಲೆನ್ಸಿಗಾಗಿ ಕ್ಯಾಮೆರಾದ ಬೆಲೆಯಷ್ಟೇ ದ್ರವ್ಯವನ್ನು ವ್ಯಯಿಸಬೇಕೇ ಎಂದು ಕೇಳಿದರೆ, ಬೇಡವೆಂಬುದೇ ನನ್ನ ನಿಸ್ಸಂಶಯವಾದ ಉತ್ತರ. ಮೈಕ್ರೋ ಫೋರ್ ಥರ್ಡ್ಸ್ ಎಂಬ ಮಾದರಿಯ ಕ್ಯಾಮೆರಾಗಳಿಗೆಂದು ಸಮ್ಯಾಂಗ್ ಸಂಸ್ಥೆಯವರು ನಿರ್ಮಿಸಿರುವ 7.5 ಮಿಲಿಮೀಟರಿನ ಲೆನ್ಸು ಕರ್ಣರೇಖೆಯುದ್ದಕ್ಕೂ 180 ಡಿಗ್ರಿಯ ದೃಶ್ಯವನ್ನು ತುಂಬಿಕೊಡುವುದಾದರೂ, ಅದರಲ್ಲಿ ಆಟೋಫೋಕಸ್ ಇಲ್ಲವೆಂದು ಕೆಲವರು ಮೂಗು ಮುರಿಯುವುದುಂಟು. ಆದರೆ ಇಷ್ಟು ಅಲ್ಪವಾದ ಸಂಗಮದೂರದಲ್ಲಿ ಅಪರ್ಚರನ್ನು ಎಫ್ 5.6ಕ್ಕೆ ಇಟ್ಟು, ಫೋಕಸ್ ಉಂಗುರವನ್ನು ಮುಕ್ಕಾಲು ಮೀಟರಿನ ಸುಮಾರಿಗೆ ನಿಲ್ಲಿಸಿಬಿಟ್ಟಲ್ಲಿ, ಮೊಳದಂತರದ ವಸ್ತುವಿನಿಂದ ದಿಗಂತದವರೆಗೆ ಸಮಸ್ತವೂ ಸ್ಫುಟವಾಗಿಯೇ ಮೂಡುವುದರಿಂದ, ಆಟೋಫೋಕಸ್ಸಿನ ಸೌಕರ್ಯಕ್ಕೆಂದು ಹೆಚ್ಚು ಹಣ ತೆರುವುದು ವ್ಯರ್ಥ. ಕ್ಯಾಮೆರಾದ ಬಾಯಿಮುಚ್ಚಳದ ರೂಪದಲ್ಲಿಯೇ ಒಲಿಂಪಸ್ಸಿನವರು ಹೊರತಂದ 9 ಮಿಲಿಮೀಟರಿನದು ಇನ್ನೂ ಅಗ್ಗ, ತೂಕವೂ 30 ಗ್ರಾಂ ಮಾತ್ರ. ಆದರೆ ಅದರ ಅಪರ್ಚರ್ ಎಫ್ 8ರಲ್ಲಿಯೇ ಸ್ಥಿರವಾಗಿರುವ ಕಾರಣ ಮಬ್ಬು ಬೆಳಕಿನ ದೇಗುಲದೊಳಗೆ ಅದನ್ನು ನೆಚ್ಚಲಾಗದು. ಸಮ್ಯಾಂಗಿನದಕ್ಕೆ ವಿದ್ಯುತ್ ಸಂಪರ್ಕವಿಲ್ಲದ್ದರಿಂದ, ಲೆನ್ಸಿಲ್ಲದೆಯೂ ಚಿತ್ರ ತೆಗೆಯಲು ಮೆನುವಿನಲ್ಲಿ ಅನುಮತಿ ಕೊಡುವ ತನಕ ಕೆಲವು ಕ್ಯಾಮೆರಾಗಳು ಲೆನ್ಸೇ ಇಲ್ಲವೆಂದು ಬಗೆದು ಗುಂಡಿ ಒತ್ತಿದರೂ ಮಿಸುಕವು. ಅಂಗಡಿಯಲ್ಲಿಯೇ ಇದನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಇನ್ನು ಫಿಶ್‌ಐ ಲೆನ್ಸಿನಿಂದ ಚಿತ್ರ ತೆಗೆಯುವಾಗ, ದಿಗಂತವನ್ನು ಚೌಕಟ್ಟಿನ ನಟ್ಟನಡುವೆ ಹಾಯಿಸಿದರೆ ಅದು ನೆಟ್ಟಗೆಯೇ ಉಳಿಯುವುದು, ಕ್ಯಾಮೆರಾವನ್ನು ತುಸು ಬಾಗಿಸಿದೊಡನೆ ಬಿಲ್ಲಿನಂತೆ ಮಣಿಯುವುದು. ಹೆಚ್ಚು ಬಾಗಿಸಿದರಂತೂ ತೆಗೆಯುವವನ ಚಪ್ಪಲಿಯ ತುದಿಯೂ ಚಿತ್ರದೊಳಕ್ಕೆ ಬಂದು ಸೇರುವುದು.