ಗೆಲುವಿಗೆ ಮುಂಚೆ ಇಪ್ಪತ್ತು ವರ್ಷ

ಸಾಫ್ಟ್‌ಬಾಲ್ ಎಂಬ ಹೆಸರು ಕೇಳಿ ಇದು ಮೆತ್ತನೆಯ ಚೆಂಡಿನ ಮಕ್ಕಳಾಟ ಎಂದುಕೊಳ್ಳಬೇಡಿ. ಬೇಸ್‌ಬಾಲ್‌ನ ಈ ತಂಗಿಯ ಚೆಂಡೂ ಗಟ್ಟಿಯೇ. ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಚೆಂಡೆಸೆಯುವ ಜಾಗದಿಂದ ಬ್ಯಾಟು ಹಿಡಿದವಳ ಕಡೆಗಿರುವ ದೂರ 43 ಅಡಿ, ಅಂದರೆ ಸುಮಾರು 13 ಮೀಟರ್. ಕೈಯನ್ನು ಕೆಳಗಿನಿಂದ ಬೀಸಿ ಎಸೆದ ಚೆಂಡು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬಂದರೆ ಎಷ್ಟು ಹೊತ್ತಿನಲ್ಲಿ ತಲುಪೀತು? ವಿದ್ಯಾರ್ಥಿಗಳೇ, ಲೆಕ್ಕ ಹಾಕಿ ನೋಡಿ. ಅರ್ಧ ಸೆಕೆಂಡೂ ಇಲ್ಲ! ಅಷ್ಟರಲ್ಲಿ ಕಣ್ಣು ನೋಡಬೇಕು, ಮಿದುಳು ತೀರ್ಮಾನಿಸಬೇಕು, ತೋಳು ಬೀಸಬೇಕು. ಅಭ್ಯಾಸವಿಲ್ಲದೆ ಇದು ಆಗದ ಮಾತು.

ಈ ಅಭ್ಯಾಸವನ್ನು ಮಿಷಿಗನ್ ವಿಶ್ವವಿದ್ಯಾಲಯದ ಹುಡುಗಿಯರಿಗೆ 1985ರಿಂದ 2022ರವರೆಗೆ ಮಾಡಿಸಿದವರು ಕ್ಯಾರಲ್ ಹಚಿನ್ಸ್.

ಅವರು ಓದಿದ್ದು ಅದೇ ರಾಜ್ಯದ ಇನ್ನೊಂದು ವಿದ್ಯಾಸಂಸ್ಥೆಯಾದ ಮಿಷಿಗನ್ ಸ್ಟೇಟ್‌ನಲ್ಲಿ. ಅಲ್ಲಿ ಬ್ಯಾಸ್ಕೆಟ್‌ಬಾಲ್, ಸಾಫ್ಟ್‌ಬಾಲ್ ಎರಡನ್ನೂ ಆಡುತ್ತಿದ್ದರು. 1976ರಲ್ಲಿ ರಾಷ್ಟ್ರೀಯ ಸಾಫ್ಟ್‌ಬಾಲ್ ಪ್ರಶಸ್ತಿ ಗೆದ್ದ ತಂಡದಲ್ಲಿಯೂ ಇದ್ದರು. ಶಿಕ್ಷಣದಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂಬ ಕಾನೂನು ಅಮೆರಿಕದಲ್ಲಿ 1972ರಲ್ಲೇ ಬಂದಿತ್ತು. ಆದರೂ ಪ್ರಯಾಣ, ವಸತಿ, ಊಟದ ಖರ್ಚಿನಲ್ಲಿ ಹುಡುಗರ ತಂಡಕ್ಕೆ ಒಂದು ಅಳತೆ, ಹುಡುಗಿಯರ ತಂಡಕ್ಕೆ ಇನ್ನೊಂದು. 1979ರಲ್ಲಿ ಹಚಿನ್ಸ್ ಮತ್ತು ಗೆಳತಿಯರು ನ್ಯಾಯಾಲಯದ ಮೆಟ್ಟಿಲೇರಿದರು. ಮೊಕದ್ದಮೆಗೆ ಅವರದೇ ಹೆಸರು. ಊಟ, ವಸತಿಯ ಹಣ ಇಬ್ಬರಿಗೂ ಸಮನಾಗಿರಬೇಕೆಂದು ನ್ಯಾಯಾಲಯ ಆದೇಶಿಸಿತು.

ತರಬೇತಿಯ ಹಾದಿಯಾದರೂ ಸಲೀಸಾಗಿತ್ತೇ? ಅವರ ತಂಡ ರಾಷ್ಟ್ರೀಯ ಅಂತಿಮ ಸುತ್ತಿಗೆ ಮೊದಲ ಸಲ ತಲುಪಿದ್ದು 1995ರಲ್ಲಿ, ಅವರು ಮುಖ್ಯ ತರಬೇತುದಾರರಾಗಿ ಹತ್ತು ವರ್ಷ ಕಳೆದ ಮೇಲೆ. ಮುಂದೆಯೂ ಹೋಯಿತು, ಬರಿಗೈಯಲ್ಲಿ ಮರಳಿತು. ಹೀಗೆ ಏಳು ಸಲ! ಸೆಕೆಯ ನಾಡಾದ ಕ್ಯಾಲಿಫೋರ್ನಿಯ, ಅರಿಜೋನದ ತಂಡಗಳು ವರ್ಷವಿಡೀ ಬಯಲಲ್ಲಿ ಆಡಬಲ್ಲವು. ಮಿಷಿಗನ್‌ನಲ್ಲಿ ಚಳಿಗಾಲವೆಲ್ಲ ಹಿಮ. 2005ರಲ್ಲಿ ಎಂಟನೆಯ ಪ್ರಯತ್ನ. ಎದುರಾಳಿ ಕ್ಯಾಲಿಫೋರ್ನಿಯದ ಬಲಾಢ್ಯ ಯುಸಿಎಲ್‌ಎ. ಮೂರು ಪಂದ್ಯಗಳ ಫೈನಲ್‌ನಲ್ಲಿ ಮೊದಲನೆಯದು ಸೋಲು, ಎರಡನೆಯದು ಗೆಲುವು. ಏಳು ಇನಿಂಗ್ಸ್‌ಗೆ ಮುಗಿಯಬೇಕಿದ್ದ ಮೂರನೆಯದು ಹತ್ತಕ್ಕೆ ಎಳೆಯಿತು. ಆಗ ಸಮಂತಾ ಫಿಂಡ್ಲೆ ಎಂಬ ಮೊದಲ ವರ್ಷದ ವಿದ್ಯಾರ್ಥಿನಿ ಚೆಂಡನ್ನು ಬೇಲಿಯಾಚೆ ಅಟ್ಟಿದಳು. 4-1! ಮಿಸಿಸಿಪಿ ನದಿಯ ಪೂರ್ವದ ತಂಡವೊಂದಕ್ಕೆ ಈ ಪ್ರಶಸ್ತಿ ದಕ್ಕಿದ್ದು ಅದೇ ಮೊದಲು.

ನಿವೃತ್ತಿಯ ಹೊತ್ತಿಗೆ ಹಚಿನ್ಸ್ ಗೆದ್ದ ಪಂದ್ಯಗಳು 1,707. ರಾಷ್ಟ್ರೀಯ ಪ್ರಶಸ್ತಿ ಮಾತ್ರ ಅದೊಂದೇ. ಪ್ರಶಸ್ತಿಯಿಂದಷ್ಟೇ ಅಳೆದಿದ್ದರೆ ಮೊದಲ ಇಪ್ಪತ್ತು ವರ್ಷ ವ್ಯರ್ಥವೆನ್ನಬೇಕಾಗುತ್ತಿತ್ತು.

ಪೋಷಕರೇ, ಮಗಳು ಹತ್ತನೇ ತರಗತಿಗೆ ಕಾಲಿಟ್ಟೊಡನೆ ಅವಳ ಆಟದ ಬೂಟನ್ನು ಅಟ್ಟಕ್ಕೆ ಎಸೆಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆಟದಿಂದ ಅಂಕ ಬರುವುದಿಲ್ಲ, ನಿಜ. ಆದರೆ ಸೋತ ಮರುದಿನ ಮತ್ತೆ ಅಭ್ಯಾಸಕ್ಕೆ ನಿಲ್ಲುವುದನ್ನು ಯಾವ ಗೈಡೂ ಕಲಿಸದು. ಸಂಜೆ ಒಂದು ಗಂಟೆ ಅವಳನ್ನು ಬಯಲಿಗೆ ಬಿಡಿ.