ಕಪ್ಪು ಶಾಯಿಯಲ್ಲಿ ಕೆಂಪು ಹೆಂಚು

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ತಾನು ಲೇಖನಿ ಮತ್ತು ಶಾಯಿಯಿಂದ ಬಿಡಿಸಿದ ಚಿತ್ರಗಳ ಕಟ್ಟೊಂದನ್ನು ಕೈಗಿತ್ತ. ಎಲ್ಲವೂ ನಮ್ಮ ಮಂಗಳೂರಿನ ಕುರುಹುಗಳೇ: ಬಾವುಟಗುಡ್ಡೆಯ ಹಳೆಯ ದೀಪಸ್ತಂಭ, ಬೋಳೂರಿನ ಸುಲ್ತಾನ್ ಬತ್ತೇರಿ, ಯಕ್ಷಗಾನದ ಕಿರೀಟ, ಹೆಂಚಿನ ಮನೆ. ಬತ್ತೇರಿಯ ಕಪ್ಪುಕಲ್ಲು ಶಾಯಿಗೆಂದೇ ಹುಟ್ಟಿದಂತಿತ್ತು. ಕಿರೀಟದ ಮಣಿಗಳನ್ನು ಎಣಿಸಬಹುದಿತ್ತು. ಹುಡುಗನ ಕೈ ಪಳಗಿದೆ ಎಂದು ನನಗೆ ಹೆಮ್ಮೆಯೂ ಆಯಿತು.

ಆದರೆ ಹೆಂಚಿನ ಮನೆಯ ಬಳಿ ಕಣ್ಣು ಎಡವಿತು. ಮಾಡಿನ ತುಂಬ ಮೀನಿನ ಹುರುಪೆಯಂತಹ ಅರ್ಧಚಂದ್ರದ ಗೀರುಗಳು! ಮಂಗಳೂರು ಹೆಂಚು ಹಾಗಿರುವುದಿಲ್ಲ. ಅದು ಚಪ್ಪಟೆಯಾದ ಆಯತಾಕಾರದ ಹೆಂಚು. ಮೈಮೇಲೆ ಉದ್ದುದ್ದ ತೋಡುಗಳು. ಒಂದರ ಅಂಚು ಪಕ್ಕದ್ದರ ತೋಡಿನೊಳಗೆ ಕೂಡುತ್ತದೆ, ಅಡಿಯ ಮೂಗು ರೀಪನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದಲೇ ನಮ್ಮ ಆಷಾಢದ ಮಳೆ ನೆತ್ತಿಯಿಂದ ಸೂರಿನವರೆಗೆ ನೇರವಾಗಿ ಹರಿದುಹೋಗುತ್ತದೆ. ನೇತ್ರಾವತಿಯ ದಡದಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು ಕಾರ್ಖಾನೆ ತೆರೆದಾಗ ಈ ನಾಡಿಗೆ ಬಂದ ಹೊಸತನವೇ ಈ ಕೂಡಿಕೆ. ಅದನ್ನು ಬಿಟ್ಟರೆ ಉಳಿಯುವುದು ಯಾವುದೋ ಊರಿನ ಯಾವುದೋ ಮಾಡು.

"ಇದು ಕಲೆಯಲ್ಲವೇ ಮಾಸ್ಟ್ರೇ, ಇಂಜಿನಿಯರರ ನಕ್ಷೆ ಅಲ್ಲವಲ್ಲ" ಎಂದು ಆತ ನಕ್ಕ. ಈ ಮಾತನ್ನು ನಾನು ಒಪ್ಪಲಾರೆ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು (1911-1996) ಕೆಲವೇ ಗೆರೆಗಳಲ್ಲಿ ಕುಣಿಯುವ ದೇಹವನ್ನು ನಿಲ್ಲಿಸಿದವರು. ಅವರು ಬಿಟ್ಟದ್ದು ಹೆಚ್ಚು, ನಿಜ. ಆದರೆ ಕಂಡು ಬಿಟ್ಟದ್ದು. ಕಾಣದೆ ಬಿಡುವುದು ಬೇರೆ. ಬಣ್ಣದ ಚಿತ್ರವಾಗಿದ್ದರೆ ಕೆಂಪು ಬಳಿದು ತಪ್ಪಿಸಿಕೊಳ್ಳಬಹುದಿತ್ತು. ಶಾಯಿಗೆ ಆ ಸೌಲಭ್ಯವಿಲ್ಲ. ರಬ್ಬರೂ ಅದಕ್ಕೆ ಒಗ್ಗದು.

ನನ್ನ ಈ ಹಟಕ್ಕೆ ಇನ್ನೊಂದು ಕಾರಣವೂ ಇದೆ. ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ನಮ್ಮ ಬೀದಿಯಲ್ಲೇ ಹಳೆಯ ಮನೆಗಳು ಉರುಳಿ ತಾರಸಿಗಳೆದ್ದಿವೆ. ನಾವು ಬಾಲ್ಯದಲ್ಲಿ ಅಟ್ಟದಲ್ಲಿ ಅಂಗಾತ ಮಲಗಿ, ಹೆಂಚಿನ ಅಡಿಯಲ್ಲಿ ಒತ್ತಿದ್ದ ಕಾರ್ಖಾನೆಯ ಹೆಸರನ್ನು ಅಕ್ಷರ ಕೂಡಿಸಿ ಓದುತ್ತಿದ್ದೆವು. ನನ್ನ ಮೊದಲ ಇಂಗ್ಲಿಷ್ ಪಾಠ ಅಲ್ಲಿಯೇ ಆಯಿತೆಂದರೂ ತಪ್ಪಲ್ಲ. ನಾಳಿನ ಮಗುವಿಗೆ ಆ ಅಟ್ಟವಿರುವುದಿಲ್ಲ, ಇಂತಹ ಚಿತ್ರವಿದ್ದೀತು. ಅದು ಹುರುಪೆಯನ್ನು ತೋರಿಸಿದರೆ ಮಗು ಹುರುಪೆಯನ್ನೇ ನಂಬುತ್ತದೆ.

ಹೊರಡುವಾಗ ಹಿತ್ತಲಲ್ಲಿ ಪೇರಿಸಿದ್ದ ಹಳೆಯ ಹೆಂಚುಗಳಲ್ಲಿ ಒಂದನ್ನು ಪಾಚಿ ತೊಳೆದು ಅವನ ಕೈಗಿತ್ತೆ. ಅದನ್ನು ಮಗುಚಿ ನೋಡಿ, "ಅಡಿಭಾಗವನ್ನೂ ಬಿಡಿಸಬೇಕೇ?" ಎಂದ. ಮೊದಲು ಅದನ್ನೇ ಬಿಡಿಸು ಎಂದೆ.